ಎಂಟು ಹಿತ್ತಲ ಬಾಗಿಲು

ಮನೆ ಕಟ್ಟಿಸಲು ನನ್ನಂಥ ಎಂಜಿನಿಯರ್ ಹತ್ತಿರ ಬರುವವರು ಈಗ ಬಾಯಿ ತೆರೆಯುವ ಮೊದಲು ಮೊಬೈಲ್ ತೆರೆಯುತ್ತಾರೆ. ನಾನು ಪ್ಲ್ಯಾನಿನ ಹಾಳೆ ಬಿಚ್ಚಿ ಟೇಬಲ್ ಮೇಲೆ ಹರವುವಷ್ಟರಲ್ಲಿ ಅವರ ಹೆಬ್ಬೆರಳು ಎಲ್ಲೆಲ್ಲೋ ಅಲೆದಾಡಿ ಒಂದು ಚಿತ್ರದ ಮೇಲೆ ನಿಂತಿರುತ್ತದೆ. ಕಪ್ಪು ಚೌಕಟ್ಟಿನ ಉದ್ದನೆಯ ಕಿಟಕಿ, ಎರಡು ಅಂತಸ್ತಿನಷ್ಟು ಎತ್ತರದ ಹಾಲ್, ಗೋಡೆಗೆ ಗೀರುಗೀರಿನ ಹಲಗೆ, ಹಲಗೆಯ ಸಂದಿಯಲ್ಲಿ ಹಳದಿ ದೀಪದ ಪಟ್ಟಿ, ಹಾಲ್‌ನಿಂದಲೇ ಕಾಣುವ ತೆರೆದ ಅಡುಗೆಮನೆ. "ನಮಗ ಹಿಂಗ ಬೇಕ್ರಿ" ಎನ್ನುತ್ತಾರೆ. ಆ ಚಿತ್ರದಲ್ಲಿ ಒಂದು ಕೊಡ ಇರುವುದಿಲ್ಲ, ಒಂದು ಜೊತೆ ಚಪ್ಪಲಿ ಇರುವುದಿಲ್ಲ, ಮನುಷ್ಯರಂತೂ ಇರುವುದೇ ಇಲ್ಲ. ಇದನ್ನು ಹೇಳಿದರೆ ಮೂಗು ಮುರಿಯುತ್ತಾರೆ. ಹಾಗಾಗಿ ನಾನು ಹೇಳುವುದನ್ನು ಬಿಟ್ಟಿದ್ದೆ.

ಶಿಗ್ಗಾಂವದಲ್ಲಿ ಹೆದ್ದಾರಿಯ ಬದಿಗೆ, ಮೊದಲು ಗೋವಿನಜೋಳ ಬೆಳೆಯುತ್ತಿದ್ದ ಹೊಲದಲ್ಲಿ ಎಂಟು ಮನೆ ಕಟ್ಟುವ ಕೆಲಸ ಬಂದಾಗಲೂ ಶುರುವಾದದ್ದು ಮೊಬೈಲಿನಿಂದಲೇ. ಲೇಔಟಿನ ಮಾಲೀಕರು ಮೊದಲು ಕಾಳಿನ ವ್ಯಾಪಾರ ಮಾಡುತ್ತಿದ್ದವರು. ಹೆಣ್ಣುಮಗಳ ಕೈಯಲ್ಲಿ ಮನೆಯ ನಕ್ಷೆ ಬರೆಸುವುದೇ ಎಂದು ಊರೆಲ್ಲ ಅನುಮಾನಿಸುತ್ತಿದ್ದಾಗ ತಮ್ಮ ಗೋಡೌನಿನ ನಕ್ಷೆಯನ್ನು ನನ್ನ ಕೈಗೆ ಕೊಟ್ಟವರು ಅವರೇ. ಅಂದಿನಿಂದ ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದರು, ನಾನೂ ಅಣ್ಣಾರ ಎನ್ನುತ್ತಿದ್ದೆ. ಬಾಯಿಮಾತಿನ ಸಂಬಂಧ ಎಂದು ಈಗ ಅನ್ನಬಹುದು. ಆಗ ಹಾಗೆ ಅನಿಸಿರಲಿಲ್ಲ.

"ತಂಗಿ, ಓಪನ್ ಕಿಚನ್ ಬೇಕ ಬೇಕು ನೋಡು. ಅದಿಲ್ದಿದ್ರ ಈಗ ಯಾರೂ ಮನಿ ಕಡೆ ಹೊಳ್ಳಿ ನೋಡೂದಿಲ್ಲ" ಎಂದರು ಅವರು.

"ನೋಡ್ತಾರ್ರಿ ಅಣ್ಣಾರ. ಆದ್ರ ರೊಟ್ಟಿ ಎಲ್ಲೆ ಬಡೀತಾರ?"

"ಗ್ಯಾಸ್ ಮ್ಯಾಲ ಮಾಡ್ಕೋತಾರ ಬಿಡು."

ನಾನು ಅವರನ್ನು ಗಾಡಿಯಲ್ಲಿ ಕೂರಿಸಿಕೊಂಡು ಹಾನಗಲ್ಲಿಗೂ ಹಿರೇಕೆರೂರಿಗೂ ಕರೆದೊಯ್ದೆ. ಹೊಸದಾಗಿ ತೆರೆದ ಅಡುಗೆಮನೆ ಮಾಡಿಸಿಕೊಂಡಿದ್ದ ಮನೆಗಳನ್ನು ತೋರಿಸಿದೆ. ಹೋದಲ್ಲೆಲ್ಲ ಒಂದೇ ಕಥೆ. ಹಾಲ್‌ನಲ್ಲಿ ಮಿರಿಮಿರಿ ಮಿಂಚುವ ಅಡುಗೆ ಕಟ್ಟೆ, ಕಪಾಟಿನ ಬಾಗಿಲುಗಳ ಮೇಲೆ ಅಂಗಡಿಯವರು ಅಂಟಿಸಿದ ಪ್ಲಾಸ್ಟಿಕ್ ಹಾಳೆ ಹಾಗೆಯೇ. ಹಿಂದೆ ಹೋದರೆ ಕಾಂಪೌಂಡ್ ಗೋಡೆಗೆ ತಗಡು ಆನಿಸಿ, ಕೆಳಗೆ ಒಲೆ ಹೂಡಿ, ಮನೆಯ ಹೆಣ್ಣುಮಕ್ಕಳು ಅಲ್ಲಿ ಕುಂತು ರೊಟ್ಟಿ ಬಡಿಯುತ್ತಿದ್ದರು. ಹಿಟ್ಟು ಹಾರಿ ಸೋಫಾದ ಮೇಲೆ ಕೂರುತ್ತದೆ, ಮೆಣಸಿನಕಾಯಿ ಒಗ್ಗರಣೆಗೆ ಹಾಲ್‌ನಲ್ಲಿ ಕೂತ ಬೀಗರು ಕೆಮ್ಮುತ್ತಾರೆ, ಬಡಿಯುವ ಸದ್ದಿಗೆ ಟಿವಿ ಕೇಳುವುದಿಲ್ಲ. ಲಕ್ಷಣವಾದ ಅಡುಗೆಮನೆ ನೋಡುವವರಿಗೆ, ತಗಡಿನ ಸೂರು ಮಾಡುವವರಿಗೆ. ಹಿರೇಕೆರೂರಿನ ಒಬ್ಬ ಅಜ್ಜಿಯಂತೂ ನಮ್ಮ ಮುಖಕ್ಕೇ ಹೇಳಿದಳು: "ಒಳಗಿಂದು ಫೋಟೋಕ್ಕ ಐತಿ, ಹೊರಗಿಂದು ಹೊಟ್ಟಿಗೆ ಐತಿ."

ಮಾಲೀಕರು ನಕ್ಕರು. ನಗಿಸಿದರೆ ಅರ್ಧ ಕೆಲಸ ಆಯಿತು ಎಂದುಕೊಂಡೆ.

ನನ್ನ ಯೋಚನೆ ಹೀಗಿತ್ತು. ಎಂಟು ಮನೆಗಳನ್ನು ನಾಲ್ಕು ನಾಲ್ಕರ ಎರಡು ಸಾಲು ಮಾಡಿ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸುವುದು. ಹೇಗೂ ಪ್ರತಿ ಮನೆಯ ಹಿಂದೆ ಕಾಯ್ದೆ ಪ್ರಕಾರ ಮೂರು ಅಡಿ ಬಿಡಲೇಬೇಕು. ಆ ಮೂರು ಮೂರು ಅಡಿಗಳ ನಡುವೆ ಕಾಂಪೌಂಡ್ ಎಬ್ಬಿಸದೆ ಆರಡಿಯ ಒಂದೇ ಓಣಿ ಮಾಡಿದರೆ ಎಂಟೂ ಮನೆಗಳ ಹಿತ್ತಲ ಬಾಗಿಲುಗಳು ಅದಕ್ಕೆ ತೆರೆಯುತ್ತವೆ. ಪ್ರತಿ ಬಾಗಿಲ ಪಕ್ಕ ತಗ್ಗಿನ ಒಂದು ರೊಟ್ಟಿ ಕಟ್ಟೆ, ಮೇಲೆ ಅರ್ಧ ಸೂರು, ಹೊಗೆ ಆಕಾಶಕ್ಕೆ. ಮುಂದೆ ಬೇಕಾದಷ್ಟು ದೀಪದ ಪಟ್ಟಿ ಹಚ್ಚಿಕೊಳ್ಳಲಿ, ಗೀರಿನ ಹಲಗೆ ಹೊಡೆಸಿಕೊಳ್ಳಲಿ. ಕೊಳ್ಳುವವರ ಕಣ್ಣು ಮುಂದಿನಿಂದ ತಣಿಯುತ್ತದೆ, ಬಾಳುವವರ ಕೈ ಹಿಂದೆ ಆಡುತ್ತದೆ.

ಇದನ್ನು ಹಾಳೆಯ ಮೇಲೆ ತೋರಿಸಿದರೆ ಹೆಣ್ಣುಮಕ್ಕಳಿಗೆ ತಿಳಿಯುವುದಿಲ್ಲ ಎನ್ನುವವರಿದ್ದಾರೆ. ಗಂಡಸರಿಗೂ ತಿಳಿಯುವುದಿಲ್ಲ. ಅವರು ತಲೆಯಾಡಿಸುತ್ತಾರೆ, ಅಷ್ಟೇ ವ್ಯತ್ಯಾಸ. ಅದಕ್ಕೆ ನನ್ನದೊಂದು ರೂಢಿ ಇದೆ. ಪಾಯ ಅಗೆಯುವ ಮೊದಲು ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಇಡೀ ಮನೆಯನ್ನು ನಿಜವಾದ ಅಳತೆಯಲ್ಲಿ ಬರೆದು, ಮನೆಯವರನ್ನು ಅದರೊಳಗೆ ಓಡಾಡಿಸುವುದು. ಮನೆ ಕೊಳ್ಳಲು ಆ ಹೊತ್ತಿಗೆ ಮುಂಗಡ ಕೊಟ್ಟಿದ್ದವರಿಗೆಲ್ಲ ಫೋನ್ ಮಾಡಿ, ನೀವು ಬರದಿದ್ದರೂ ನಡೆಯುತ್ತದೆ, ನಿಮ್ಮ ಮನೆಯ ಹೆಂಗಸರನ್ನು ಕಳಿಸಿರಿ ಎಂದೆ. ಅದೊಂದು ರವಿವಾರ ಎಲ್ಲರೂ ಬಂದರು. ಹಿರೇಕೆರೂರು ಕಡೆಯ ಶಾಲೆಯ ಶಿಕ್ಷಕಿ, ಸವಣೂರಿನ ದವಾಖಾನೆಯ ನರ್ಸ್, ಬಸ್ ಕಂಡಕ್ಟರನ ಹೆಂಡತಿ, ಹೀಗೆ. ಅವರಲ್ಲಿ ಒಬ್ಬಳು ರೊಟ್ಟಿ ಮಾಡುವವಳು.

ಅವಳ ಊರು ಮಾಸೂರು. ಮದಗದ ಕೆರೆಯ ಕೆಳಗಿನ ಗದ್ದೆಗಳಲ್ಲಿ ಕೂಲಿ ಮಾಡಿ, ಮದುವೆಯಾದ ಮೇಲೆ ಶಿಗ್ಗಾಂವಕ್ಕೆ ಬಂದವಳು. ಗಂಡ ಕಾಳಿನ ಪೇಟೆಯಲ್ಲಿ ಹಮಾಲಿ. ಇವಳು ಇನ್ನಿಬ್ಬರು ಹೆಂಗಸರನ್ನು ಜೊತೆ ಸೇರಿಸಿಕೊಂಡು ಹೆದ್ದಾರಿಯ ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಿದ್ದಳು. ಕೊನೆಗೆ ಎಂಟು ಮನೆ ಕೊಂಡವರಲ್ಲಿ ಮನೆಯಿಂದಲೇ ದುಡಿಮೆ ಇದ್ದದ್ದು ಇವಳೊಬ್ಬಳಿಗೇ. ಬಾಡಿಗೆ ಮನೆಗಳಲ್ಲಿ ಹೊಗೆಗೆ ಗೋಡೆ ಕಪ್ಪಾಗುತ್ತದೆಂದು ಅವಳನ್ನು ಎಬ್ಬಿಸುತ್ತಲೇ ಇದ್ದರು. ಒಲೆ ಹೂಡಲು ಯಾರೂ ಬೇಡ ಎನ್ನದ ಒಂದು ಜಾಗ ಅವಳಿಗೆ ಬೇಕಾಗಿತ್ತು. ಮನೆ ಅದರ ಜೊತೆಗೆ ಬರುವ ಸಾಮಾನು.

ಸುಣ್ಣದ ಗೆರೆಯೊಳಗೆ ಹೆಂಗಸರು ಮೊದಲು ನಾಚಿಕೊಂಡರು. ಆಮೇಲೆ ನಗುತ್ತ ನೀರು ತಂದ ಹಾಗೆ, ಬಟ್ಟೆ ಒಣಗಿಸಿದ ಹಾಗೆ ಮಾಡತೊಡಗಿದರು. ನಾನು ಬಾಗಿಲು ತೋರಿಸಿದ ಕಡೆ ಹೋಗದೆ ಅವರು ಗೆರೆ ದಾಟಿದ್ದು ಎಲ್ಲಿ ಎಂದು ನೋಡುವುದೇ ನನ್ನ ಕೆಲಸ. ರೊಟ್ಟಿಯವಳು ಕಟ್ಟೆಯ ಗುರುತಿನ ಬಳಿ ಕುಕ್ಕರಗಾಲಿನಲ್ಲಿ ಕುಂತು ಗಾಳಿಯಲ್ಲಿ ರೊಟ್ಟಿ ಬಡಿದಳು. "ಮೇಡಮ್ಮಾರ, ಮೊಣಕೈ ಗ್ವಾಡಿಗೆ ತಾಕ್ತೇತ್ರಿ" ಎಂದಳು. ಸುಣ್ಣದ ಗೆರೆಗೆ ತಾಕಿದ ಮೊಣಕೈ! ನಾನು ಗೆರೆ ಅಳಿಸಿ ಒಂದು ಗೇಣು ಆಚೆ ಹಾಕಿದೆ.

ಬಾಗಿಲಿಗೆ ಬಾಗಿಲು ಇದಿರಾಗಬಾರದು ಎಂದು ಎಲ್ಲರೂ ಒಂದೇ ಪಟ್ಟು ಹಿಡಿದರು. ಒಬ್ಬರ ಹಿತ್ತಲ ಬಾಗಿಲಿಂದ ಇನ್ನೊಬ್ಬರ ಅಡುಗೆಮನೆ ಕಂಡರೆ ಜಗಳ ಬರುತ್ತದೆ ಎಂಬುದು ಈ ಕಡೆಯ ನಂಬಿಕೆ. ನಂಬಿಕೆಯೋ ಅನುಭವವೋ, ಅವರ ಮಾತು ಕೇಳಿದೆ. ಒಂದು ಸಾಲಿನ ಅಡುಗೆಮನೆಗಳು ಇನ್ನೊಂದು ಸಾಲಿನ ಮಲಗುವ ಕೋಣೆಗಳ ಹಿಂಗೋಡೆಗೆ ಎದುರಾಗುವ ಹಾಗೆ ನಕ್ಷೆಯನ್ನು ಹೊರಳಿಸಿ ಬರೆದೆ. ಬಾಗಿಲು ತೆರೆದರೆ ಎದುರಿಗೆ ಓಣಿ, ಓಣಿಯಾಚೆ ಬೋಳು ಗೋಡೆ.

ಎಲ್ಲ ಮುಗಿದ ಮೇಲೆ ರೊಟ್ಟಿಯವಳು ನನ್ನನ್ನು ಬದಿಗೆ ಕರೆದಳು.

"ಮೇಡಮ್ಮಾರ, ಖರೇ ಹೇಳ್ರಿ. ಈ ಓಣಿ ಇರತೇತೇನ್ರಿ? ನಾವು ಮುಂಗಡ ಕೊಟ್ಟಿದ್ದು ಇನ್ನೂ ಹೊಳ್ಳಿ ತಗೋಬಹುದಂತ. ನನಗ ಮುಂದಿಂದು ಏನೂ ಬ್ಯಾಡ್ರಿ. ಇದೊಂದು ಇದ್ರ ಸಾಕು."

"ಇರತೇತಿ. ನಾ ಇದ್ದೇನಲ್ಲ" ಎಂದೆ.

ಮಾಲೀಕರು ಓಣಿಗೆ ಒಂದೇ ಮಾತಿಗೆ ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ಬರುವವರಿಗೆಲ್ಲ ಅದನ್ನೇ ಹೇಳತೊಡಗಿದರು. ಓಪನ್ ಕಿಚನ್ ಎಲ್ಲಾ ಕಡೆ ಐತಿ, ಹಿತ್ತಲ ಓಣಿ ನಮ್ಮ ಕಡೆ ಅಷ್ಟ ಐತಿ ಎಂದು. ಕೊಳ್ಳುವವರ ಮುಂದೆ ನನ್ನನ್ನು ನಿಲ್ಲಿಸಿ, "ಇವರ ಕೇಳ್ರಿ, ನಮ್ಮ ತಂಗೀನ ಮಾಡ್ಯಾಳ" ಎನ್ನುತ್ತಿದ್ದರು. ನಾನು ಹಿಗ್ಗುತ್ತಿದ್ದೆ. ಎಂಟೂ ಮನೆಗಳು ಪಾಯ ಏಳುವ ಮೊದಲೇ ಮಾರಿಹೋದವು.

ಮಾರಿಹೋದ ಮೇಲೆ ಅವರ ಮಾತಿನ ಧಾಟಿ ಬದಲಾಯಿತು. ನೆಲಗಟ್ಟು ಮೇಲೆದ್ದ ಸಮಯದಲ್ಲಿ ಒಂದು ಸಂಜೆ ಸೈಟಿಗೆ ಬಂದು ಓಣಿಯಲ್ಲಿ ನಿಂತು, "ತಂಗಿ, ಇಷ್ಟು ಜಾಗಾ ಸುಮ್ನ ಬಿದ್ದಂಗ ಕಾಣ್ತೇತಿ. ಎರಡನೇ ಬೆಡ್‌ರೂಮಿಗೂ ಅಟ್ಯಾಚ್ಡ್ ಕೇಳಾಕತ್ತಾರ" ಎಂದರು. ಆಗೊಮ್ಮೆ ಈಗೊಮ್ಮೆ ಅದೇ ಮಾತು. ಒಂದು ಸ್ನಾನದ ಮನೆ ಮಲಗುವ ಕೋಣೆಗೆ ಅಂಟಿಕೊಂಡೇ ಇದೆ, ಇನ್ನೊಂದು ಹಾಲ್‌ನ ಪಕ್ಕಕ್ಕಿದೆ, ಎರಡು ಸಾಲದೇ ಎಂದು ನಾನು. ಈಗ ಎಲ್ಲ ಕೋಣೆಗೂ ಬೇಕು, ಅದೇ ಟ್ರೆಂಡು ಎಂದು ಅವರು. ಕಾಯ್ದೆಯ ಮಾತೆತ್ತಿದರೆ ನಕ್ಕುಬಿಡುತ್ತಿದ್ದರು. ನನಗೆ ಒಳಗೊಳಗೇ ದಿಗಿಲು ಶುರುವಾಯಿತು.

ಆಗ ನಾನೊಂದು ಉಪಾಯ ಹೂಡಿದೆ. ನಮ್ಮಲ್ಲಿ ಗೋಡೆ ಏಳುವ ಮೊದಲು ಬಾಗಿಲ ಚೌಕಟ್ಟನ್ನು ನಿಲ್ಲಿಸಿ ಪೂಜೆ ಮಾಡುತ್ತಾರೆ. ಅರಿಷಿಣ ಕುಂಕುಮ ಹಚ್ಚಿ, ಕಾಳಿನ ಗಂಟು ಕಟ್ಟಿ, ಕಾಯಿ ಒಡೆದ ಮೇಲೆ ಆ ಚೌಕಟ್ಟನ್ನು ಯಾರೂ ಕೀಳುವುದಿಲ್ಲ. ಗೋಡೆ ಬೇಕಾದರೆ ಒಡೆದು ಕಟ್ಟುತ್ತಾರೆ, ನಕ್ಷೆ ಬದಲಿಸುತ್ತಾರೆ, ಪೂಜೆಯಾದ ಚೌಕಟ್ಟು ಮಾತ್ರ ಅಲ್ಲಾಡದು. ಆದರೆ ಆ ಮರ್ಯಾದೆ ತಲೆಬಾಗಿಲಿಗೆ ಮಾತ್ರ. ಹಿತ್ತಲ ಬಾಗಿಲನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಂಟೂ ಹಿತ್ತಲ ಬಾಗಿಲಿಗೂ ಪೂಜೆ ಮಾಡಿಸಿ, ತಲೆಬಾಗಿಲಿಗಿಂತ ಮೊದಲೇ ನಿಲ್ಲಿಸಿಬಿಡಬೇಕು ಎಂದು ತೀರ್ಮಾನಿಸಿದೆ.

ಮೇಸ್ತ್ರಿ ಹುಬ್ಬೇರಿಸಿದ. ನನ್ನ ಎಲ್ಲ ಕೆಲಸಗಳಿಗೂ ಅವನೇ ಮೇಸ್ತ್ರಿ. ನನ್ನ ಕೈಬರಹದ ಅಳತೆ ಓದಲು ಬರುವುದು ಅವನೊಬ್ಬನಿಗೇ ಎಂದು ನಾವಿಬ್ಬರೂ ತಮಾಷೆ ಮಾಡಿಕೊಳ್ಳುತ್ತಿದ್ದೆವು.

"ಅಕ್ಕಾರ, ಹಿತ್ತಲ ಬಾಗಲಕ್ಕ ಯಾರ ಕಾಯಿ ಒಡೀತಾರ್ರಿ? ಮಂದಿ ನಗ್ತಾರ."

"ನಗಲಿ. ಒಮ್ಮೆ ಪೂಜಿ ಆತಂದ್ರ ನೀ ಕೀಳ್ತೀಯೇನು?"

"ಛೇ, ಛೇ! ನನ್ನ ಕೈ ಬಿದ್ದು ಹೋದೀತು."

ಅಷ್ಟು ಸಾಕಾಗಿತ್ತು ನನಗೆ. ಸವಣೂರಿನ ಬಡಿಗ ಚಾಚಾ ಮತ್ತಿ ಮರದಲ್ಲಿ ಎಂಟು ಚೌಕಟ್ಟು ಮಾಡಿ ಟ್ರ್ಯಾಕ್ಟರಿನಲ್ಲಿ ತಂದಿಳಿಸಿದ. ಕೀಲು ನೋಡಿ, ತೂಗುಗುಂಡು ಇಳಿಬಿಟ್ಟು ನೇರ ನೋಡಿ, ಓರೆಯಾದ ಒಂದನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದೆವು. ಹೆಂಗಸರು ಹೊಸ ಸೀರೆ ಉಟ್ಟು ಬಂದರು. ಬಯಲಿನಲ್ಲಿ ಗೋಡೆಯೇ ಇಲ್ಲದೆ ಎಂಟು ಬಾಗಿಲುಗಳು ನಿಂತಿದ್ದವು. ಅವರು ಅವಕ್ಕೆ ಹೂ ಮುಡಿಸಿ ಒಳಗೂ ಹೊರಗೂ ದಾಟಿದರು. ರೊಟ್ಟಿಯವಳು ತನ್ನ ಚೌಕಟ್ಟಿಗೆ ಹಣೆ ಹಚ್ಚಿ ಎಷ್ಟೋ ಹೊತ್ತು ಹಾಗೇ ಇದ್ದಳು. ಮಾಲೀಕರೂ ಬಂದು ಕೈಮುಗಿದು ಹೋದರು. ಇನ್ನು ಭಯವಿಲ್ಲ ಎಂದು ನಾನು ನಿಶ್ಚಿಂತಳಾದೆ.

ಗೋಡೆ ಎದ್ದು, ಚಾವಣಿಯ ಕಾಂಕ್ರೀಟು ಮುಗಿದು, ಒಳಗೋಡೆಗೆ ಸಿಮೆಂಟ್ ಮೆತ್ತುವ ಗಿಲಾವು ಶುರುವಾದಾಗ ಆಡೂರಿನಲ್ಲಿ ಇನ್ನೊಂದು ಕೆಲಸ ನನ್ನ ತಲೆ ಮೇಲೆ ಬಂತು. ಹಳೆಯ ಮಣ್ಣಿನ ಮಾಳಿಗೆ ಮನೆಯೊಂದರ ತೊಲೆ ಕುಸಿದಿತ್ತು. ಒಳಗೆ ಜನ ಇದ್ದರು, ಬಿಟ್ಟು ಬರುವ ಹಾಗಿರಲಿಲ್ಲ. ತಿಂಗಳೊಪ್ಪತ್ತು ನಾನು ಅಲ್ಲೇ ಉಳಿದೆ. ದಿನಾ ಸಂಜೆ ಮೇಸ್ತ್ರಿ ಫೋನ್ ಮಾಡುತ್ತಿದ್ದ. "ಎಲ್ಲಾ ಛಲೋ ನಡದೈತ್ರಿ ಅಕ್ಕಾರ" ಎನ್ನುತ್ತಿದ್ದ. ಫೋಟೋ ಕಳಿಸುತ್ತಿದ್ದ. ಮುಂಭಾಗಕ್ಕೆ ಗೀರಿನ ಹಲಗೆ ಬಂತು, ಕಿಟಕಿಗೆ ಕಪ್ಪು ಬಣ್ಣ ಬಂತು, ಪೋರ್ಚಿನ ಚಾವಣಿಗೆ ದೀಪ ಬಂತು. ಬೆಳಕಿಗೆ ತಿರುಗಿದ ಎಂಟು ಮನೆಗಳ ಮುಖಗಳನ್ನು ನಾನು ಆಡೂರಿನವರಿಗೆಲ್ಲ ತೋರಿಸಿದೆ. ಹಿಂಭಾಗದ ಒಂದು ಫೋಟೋವೂ ಬರಲಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಹೊಳೆಯಬೇಕಾದರೆ ಅನುಮಾನ ಇರಬೇಕು. ಅವನ ಮೇಲೆ ನನಗೆ ಅನುಮಾನ ಎಲ್ಲಿತ್ತು?

ತಿರುಗಿ ಬಂದ ದಿನ ನೇರ ಸೈಟಿಗೆ ಹೋದೆ. ಗಿಲಾವು ನುಣುಪಾಗಿತ್ತು, ಮೂಲೆಗಳು ನೇರವಾಗಿದ್ದವು, ನೋಡಿ ಖುಷಿಯಾಯಿತು. ರೊಟ್ಟಿಯವಳ ಮನೆಯ ಅಡುಗೆಮನೆಗೆ ಹೋದೆ. ಹಿತ್ತಲ ಬಾಗಿಲಿನ ಚೌಕಟ್ಟು ಇದ್ದಲ್ಲೇ ಇತ್ತು, ಅರಿಷಿಣವೂ ಮಾಸಿರಲಿಲ್ಲ. ಕದ ಮಾತ್ರ ಇರಲಿಲ್ಲ. ಕದದ ಬದಲು ಗಾಜಿನ ಬಾಗಿಲು, ಒಳಗೆ ಗಾಜಿನ ಹಲಗೆಗಳು. ಹಲಗೆಗಳ ಹಿಂದೆ ಗೋಡೆ. ಬದಿಯಲ್ಲೊಂದು ಸ್ವಿಚ್ಚು. ಒತ್ತಿದೆ. ಚೌಕಟ್ಟಿನ ಒಳಸುತ್ತಿಗೆ ಹಳದಿ ದೀಪ ಹತ್ತಿಕೊಂಡಿತು.

ಚೀನಿ ಪಿಂಗಾಣಿ ಇಡುವ ಕಪಾಟು. ಈಗಿನವರು ಅದನ್ನು ಕ್ರಾಕರಿ ಯೂನಿಟ್ ಎನ್ನುತ್ತಾರೆ.

ಹೊರಗಿನಿಂದ ಸುತ್ತಿ ಹಿಂದಕ್ಕೆ ಹೋಗಲು ನೋಡಿದೆ. ಹೋಗಲು ಓಣಿಯೇ ಇರಲಿಲ್ಲ. ಎರಡೂ ಸಾಲಿನ ಮಲಗುವ ಕೋಣೆಗಳಿಗೆ ಒಂದೊಂದು ಸ್ನಾನದ ಮನೆ ಅಂಟಿಸಿ ಓಣಿಯನ್ನು ತುಂಬಿಬಿಟ್ಟಿದ್ದರು. ಒಂದು ಸಾಲಿನ ಅಡುಗೆಮನೆಗೆ ಇನ್ನೊಂದು ಸಾಲಿನ ಮಲಗುವ ಕೋಣೆ ಎದುರಾಗುವಂತೆ ನಾನೇ ಹೊರಳಿಸಿ ಬರೆದಿದ್ದೆನಲ್ಲ, ಹಾಗಾಗಿ ಪ್ರತಿಯೊಬ್ಬರ ಹಿತ್ತಲ ಬಾಗಿಲಿಗೂ ಎದುರು ಮನೆಯವರ ಸ್ನಾನದ ಗೋಡೆ ಬಂದು ಒತ್ತಿಕೊಂಡಿತ್ತು. ಅಳತೆ ಎಷ್ಟು ಚೊಕ್ಕವಾಗಿ ಕೂತಿತ್ತೆಂದರೆ, ಇದಕ್ಕೇ ಬರೆದ ನಕ್ಷೆ ಎನ್ನಬೇಕು. ಮರಳಿನ ಗುಡ್ಡೆಯ ಮೇಲೆ ಕುಳಿತೆ.

ಮೇಸ್ತ್ರಿ ಬಂದು ಎದುರು ನಿಂತ. ನೋಟ ನೆಲಕ್ಕೆ.

"ಏನೋ ಇದು?"

"ಮಾಲಕರು ಹೇಳಿದ್ರು ಅಕ್ಕಾರ."

"ದಿನಾ ಫೋನ್ ಮಾಡ್ತಿದ್ದೆಲ್ಲೋ. ಒಂದ ಮಾತು ಬಾಯಿ ಬಿಡಾಕ ಏನಾಗಿತ್ತು?"

"ಚೌಕಟ್ಟ ಕೀಳಬ್ಯಾಡ ಅಂದಿದ್ರಿ. ಕಿತ್ತಿಲ್ಲರಿ" ಎಂದ.

ಆ ಮಾತನ್ನು ಅವನು ಕೊಂಕಿಗೆ ಹೇಳಲಿಲ್ಲ. ನಿಜವಾಗಿಯೂ ತಾನು ನನಗೆ ಕೊಟ್ಟ ಮಾತು ಉಳಿಸಿಕೊಂಡೆ ಎಂದೇ ನಂಬಿದ್ದ. ಮಾಲೀಕರು ಬಂಕಾಪುರದ ಹತ್ತಿರ ಇನ್ನೂ ದೊಡ್ಡ ಲೇಔಟ್ ಹಾಕುವವರಿದ್ದಾರೆ, ಅದರ ಕೆಲಸ ಪೂರ್ತಿ ಅವನಿಗೇ ಎಂಬುದು ಆಮೇಲೆ ಗೊತ್ತಾಯಿತು. ನನಗೆ ಸಿಟ್ಟಿಗಿಂತ ಹೆಚ್ಚಾಗಿ ಅಸಹ್ಯವಾಯಿತು. ಇಷ್ಟು ವರ್ಷ ಒಂದೇ ಡಬ್ಬಿಯಲ್ಲಿ ಉಂಡವನು, ಹಿಂದಿನ ಕಡೆ ಇಟ್ಟಿಗೆ ಇಡುತ್ತ ಮುಂದಿನ ಫೋಟೋ ಕಳಿಸಿದ್ದ.

ಮಾಲೀಕರ ಹತ್ತಿರ ಹೋದೆ. ಅವರು ಕುರ್ಚಿ ಎಳೆದು ಕೊಟ್ಟರು, ಚಹಾ ತರಿಸಿದರು. ನಾನು ಕೂರಲಿಲ್ಲ.

"ಸಿಟ್ಟಾಗಬ್ಯಾಡ ತಂಗಿ. ನಾ ಮನಸ್ಸಿಗೆ ಬಂದಂಗ ಮಾಡಿಲ್ಲ. ಎಲ್ಲಾರ್ನೂ ಕೇಳೇನಿ. ಎಲ್ಲಾರೂ ಹೂಂ ಅಂದಾರ."

"ಯಾರು ಅಂದಾರ? ಓಣಿ ಬೇಕಂತ ನನ್ನ ಮುಂದ ಹೇಳಿದವ್ರ ಆ ಹೆಣ್ಮಕ್ಕಳು."

"ಕೇಳು ಹಂಗಾರ."

ಕೇಳಿದೆ. ಮೊದಲು ಶಿಕ್ಷಕಿಯ ಮನೆಗೆ ಹೋದೆ. ಆಕೆ ನನ್ನ ಕೈ ಹಿಡಿದುಕೊಂಡೇ ಮಾತಾಡಿದಳು. "ಓಣಿ ಛಲೋನ ಇತ್ರಿ ಮೇಡಂ. ಆದ್ರ ಬೀಗರು ಬಂದ್ರಂದ್ರ ಅವರಿಗೆ ಕೊಡೂ ರೂಮಿಗೆ ಅಟ್ಯಾಚ್ಡ್ ಇಲ್ಲಂದ್ರ ಹ್ಯಾಂಗ್ರಿ? ನಮ್ಮ ವಾರಗಿತ್ತಿ ಮನ್ಯಾಗ ಮೂರಕ್ಕ ಮೂರೂ ಅಟ್ಯಾಚ್ಡ್ ಅದಾವ. ಮನಿ ಶಾಂತಿಗೆ ಬಂದು ಏನಂತಾಳ ಅಕಿ?" ನರ್ಸ್ ಹೇಳಿದ್ದು ಇನ್ನೂ ಸರಳ: "ರೊಟ್ಟಿ ಈಗ ಯಾರ್ ಮಾಡ್ತಾರ್ರಿ? ನಾವು ಅಕಿ ಕಡೇನ ತಗೋತೇವಿ." ಅಕಿ ಎಂದರೆ ರೊಟ್ಟಿಯವಳು. ಇವರ ಸ್ನಾನದ ಮನೆ ಬಂದದ್ದು ಅವಳ ಬಾಗಿಲಿನ ಬಾಯಿಗೇ. ಅದನ್ನು ಹೇಳಿದೆ. ಆಕೆ, "ಅಕಿ ಯಜಮಾನ್ರನ್ನೂ ಕೇಳ್ಯಾರಂತಲ್ಲ" ಎಂದಳು.

ಹೌದು, ಮಾಲೀಕರು ಅವಳ ಗಂಡನನ್ನೂ ಕೇಳಿದ್ದರು. ಕಾಳಿನ ಪೇಟೆಯಲ್ಲಿ, ಚೀಲ ಹೊತ್ತು ಹೊರಟವನನ್ನು ನಿಲ್ಲಿಸಿ, ನಿನ್ನ ಮನೆಗೆ ಇನ್ನೊಂದು ಬಾತ್‌ರೂಮ್ ಪುಕ್ಕಟೆ ಕೊಡುತ್ತೇನೆ, ಆಗಬಹುದಾ ಎಂದಿದ್ದರು. ಅವನು ಆಗಬಹುದೆಂದ. ಅದು ಎಲ್ಲಿ ಬರುತ್ತದೆ ಎಂದು ಅವನು ಕೇಳಲಿಲ್ಲ, ಇವರು ಹೇಳಲಿಲ್ಲ. ಅದು ಲಗ್ನದ ಕಾಲವಾದ್ದರಿಂದ ರೊಟ್ಟಿಯವಳಿಗೆ ತಲೆ ಎತ್ತಲು ಬಿಡುವಿರಲಿಲ್ಲ, ಸೈಟಿನ ಕಡೆಗೆ ಅವಳು ಬಂದೇ ಇರಲಿಲ್ಲ. ಎಂಟು ಮನೆಯ ಒಪ್ಪಿಗೆಯಲ್ಲಿ ಯಾರಿಗೆ ಅದು ಬೇಕಾಗಿತ್ತೋ ಅವಳೊಬ್ಬಳನ್ನು ಯಾರೂ ಕೇಳಿರಲಿಲ್ಲ.

ಅವಳಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಕರೆದುಕೊಂಡು ಬಂದೆ. ಗಾಜಿನ ಬಾಗಿಲನ್ನು ಅವಳೇ ತೆರೆದಳು. ಹಲಗೆಗಳ ನಡುವೆ ಕೈ ಹಾಕಿ ಅಂಗೈಯನ್ನು ಹಿಂದಿನ ಗೋಡೆಗೆ ಊರಿದಳು, ರೊಟ್ಟಿಯ ಹಿಟ್ಟಿಗೆ ಊರುವ ಹಾಗೆ. ಅತ್ತಾಳು, ಬೈದಾಳು ಎಂದು ನಾನು ಕಾದೆ. ಅವಳು ಎರಡೂ ಮಾಡಲಿಲ್ಲ.

"ಹೊಗಿ ಎಲ್ಲೆ ಹೋಗಬೇಕ್ರಿ ಮೇಡಮ್ಮಾರ?" ಎಂದು ಕೇಳಿದಳು.

"ನಾ ಬಿಡೂದಿಲ್ಲ" ಎಂದೆ.

ಬಿಡಲಿಲ್ಲ ಕೂಡ. ಮನೆಗಳು ನಕ್ಷೆಯಂತೆ ಪೂರ್ಣಗೊಂಡಿವೆ ಎಂದು ಎಂಜಿನಿಯರ್ ಸಹಿ ಹಾಕದೆ ಪುರಸಭೆಯ ಕೆಲಸ ಮುಂದಕ್ಕೆ ಹೋಗದು, ಕರೆಂಟಿನ ಕಾಯಂ ಮೀಟರೂ ಬಾರದು. ಆ ಸಹಿ ನನ್ನದು. ಹಾಕುವುದಿಲ್ಲ ಎಂದೆ. ಓಣಿ ಬಿಡಿಸಿಕೊಟ್ಟರೆ ಹಾಕುತ್ತೇನೆ, ಪೂರ್ತಿ ಆಗದಿದ್ದರೆ ರೊಟ್ಟಿಯವಳ ಬಾಗಿಲಿನ ಮುಂದಿನದೊಂದಾದರೂ ಒಡೆಯಿರಿ ಎಂದೆ. ಒಂದು ಸ್ನಾನದ ಮನೆ, ಎರಡು ಸಣ್ಣ ಗೋಡೆ, ಅಷ್ಟೇ. ಅದು ನರ್ಸ್ ಮನೆಯದು. ನರ್ಸ್ ಒಪ್ಪಲಿಲ್ಲ.

ಮರುದಿನದಿಂದ ನನ್ನ ಫೋನ್ ಬಡಿದುಕೊಳ್ಳತೊಡಗಿತು. ಸುಣ್ಣದ ಗೆರೆಯಲ್ಲಿ ನಗುನಗುತ್ತ ಬಟ್ಟೆ ಒಣಗಿಸಿದವರು, ಹೂ ಮುಡಿಸಿದವರು, ಒಬ್ಬೊಬ್ಬರಾಗಿ ಮಾತಾಡಿದರು. ಬಾಡಿಗೆ ಮನೆ ಬಿಡುವ ದಿನ ಬಂತು, ಮೀಟರ್ ಇಲ್ಲದೆ ಹೇಗೆ ಹೋಗುವುದು ಎಂದರು. ಕಂಡಕ್ಟರನ ಹೆಂಡತಿ ಬಹಳ ಮೆದು ಮಾತಿನವಳು. ಅವಳೇ ಕೇಳಿದಳು: "ಒಬ್ಬಾಕಿ ಒಲಿ ಸಲುವಾಗಿ ಏಳು ಮನಿ ದೀಪ ಆರಸ್ತೀರೇನ್ರಿ?" ಆ ಮಾತು ಎದೆಗೆ ನಾಟಿತು. ಅವರಿಗೋಸ್ಕರ ನಾನು ಮಾಲೀಕರ ಜೊತೆ ಜಗಳಾಡಿದ್ದೆ. ಅವರು ನನ್ನ ಜೊತೆ ಮಾಲೀಕರ ಪರವಾಗಿ ಜಗಳಾಡುತ್ತಿದ್ದರು. ಫೋನ್ ಇಟ್ಟು ಆಫೀಸಿನ ಬಾಗಿಲು ಹಾಕಿಕೊಂಡು ಅತ್ತೆ. ಸುಳ್ಳು ಯಾಕೆ ಹೇಳಲಿ.

ನನ್ನ ಹಟದಿಂದ ಏನೂ ನಿಲ್ಲಲಿಲ್ಲ. ಹಾನಗಲ್ಲಿನ ಇನ್ನೊಬ್ಬ ಎಂಜಿನಿಯರ್ ಬಂದು ಓಣಿಯಿಲ್ಲದ ಹೊಸ ನಕ್ಷೆಯೊಂದನ್ನು ಬರೆದು ಅದರ ಮೇಲೆ ಸಹಿ ಹಾಕಿಕೊಟ್ಟ. ಕೆಲಸ ಕಲಿಯುವಾಗ ನನ್ನ ಟೇಬಲ್ಲಿನ ಎದುರು ಕುಳಿತಿದ್ದವನು ಅವನು. ಕಾಯ್ದೆಯ ಮೂರಡಿ ಎಲ್ಲಿ ಹೋಯಿತೆಂದು ಯಾರೂ ಅಳೆಯಲು ಬರಲಿಲ್ಲ. ಕಂತು ಕಟ್ಟಲು ಶುರು ಮಾಡಿದ್ದರಿಂದ ರೊಟ್ಟಿಯವಳೂ ಹಿಂದೆ ಸರಿಯುವಂತಿರಲಿಲ್ಲ. ಮನೆ ಶಾಂತಿ, ಗೃಹಪ್ರವೇಶಗಳು ಒಂದರ ಹಿಂದೆ ಒಂದು ನಡೆದವು. ಯಾರೂ ನನ್ನನ್ನು ಕರೆಯಲಿಲ್ಲ.

ಆಮೇಲೆ ಒಂದು ದಿನ ಮಾಲೀಕರ ಫೋನ್ ಬಂತು, ಏನೂ ಆಗಿಯೇ ಇಲ್ಲ ಎಂಬ ದನಿಯಲ್ಲಿ. "ತಂಗಿ, ಒಂದ ಸಣ್ಣ ಉಪಕಾರ ಆಗಬೇಕು. ಅಕಿ ಮುಂದಿನ ಪೋರ್ಚಿನ್ಯಾಗ ಒಲಿ ಹೂಡ್ಯಾಳ. ಮುಂದಿನ ಎಲಿವೇಶನ್ ಗ್ವಾಡಿ ಪೂರಾ ಕರ್ರಗಾತು. ಬಂಕಾಪುರ ಲೇಔಟ್ ಗಿರಾಕಿಗೆ ಈ ಮನಿ ತೋರಸಬೇಕು ನಾ. ನೀ ಹೇಳಿದ್ರ ಅಕಿ ಕೇಳ್ತಾಳ." ಅದೇ ಸಂಜೆ ನರ್ಸೂ ಫೋನ್ ಮಾಡಿದಳು. ಹೊಗೆ ಅವಳ ಅಕ್ಕಪಕ್ಕದ ಮನೆಗಳ ಕಿಟಕಿಯೊಳಗೆ ಹೋಗುತ್ತದೆ, ಎಲ್ಲರೂ ಸೇರಿ ಅರ್ಜಿ ಕೊಡುವವರಿದ್ದೇವೆ, ಅದಕ್ಕೂ ಮೊದಲು ನೀವೊಂದು ಮಾತು ಹೇಳಿ ನೋಡಿ ಎಂದು.

ಹೋದೆ. ಅವರ ಮಾತು ಹೇಳಲು ಅಲ್ಲ. ಈ ಸಲ ಅವಳ ಬೆನ್ನಿಗೆ ನಿಲ್ಲಬೇಕು, ಅರ್ಜಿ ಕೊಟ್ಟರೆ ಪುರಸಭೆಯಲ್ಲಿ ಅವಳ ಪರವಾಗಿ ನಾನೇ ಮಾತಾಡುತ್ತೇನೆ, ಆ ಸ್ನಾನದ ಮನೆಗಳ ವಿಷಯ ಹೊರಗೆ ಎಳೆಯುತ್ತೇನೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಳ್ಳುತ್ತ ಹೋದೆ.

ಪೋರ್ಚಿನಲ್ಲಿ ಅವಳೊಬ್ಬಳೇ ಇದ್ದಳು. ಮೂವರು ಕೂರುವಷ್ಟು ಜಾಗ ಅಲ್ಲಿರಲಿಲ್ಲ, ಹಾಗಾಗಿ ಜೊತೆಯ ಇಬ್ಬರನ್ನು ಬಿಡಿಸಿದ್ದಳು. ರೊಟ್ಟಿ ಅರ್ಧಕ್ಕೆ ಇಳಿದಿತ್ತು, ಖಾನಾವಳಿಯವರು ಬೇರೆ ಕಡೆ ನೋಡುತ್ತಿದ್ದರು. ದಾರಿಯಲ್ಲಿ ಹೋಗುವವರೆಲ್ಲ ನೋಡುವ ಹಾಗೆ ಕುಳಿತವಳು ಸೆರಗನ್ನು ಹಣೆಯವರೆಗೆ ಎಳೆದುಕೊಂಡಿದ್ದಳು. ಗೀರಿನ ಹಲಗೆಗಳ ಮೇಲೆ ಮಸಿ ಏರಿತ್ತು. ನಾನು ಮೆಟ್ಟಿಲ ಮೇಲೆ ಕುಳಿತು, ಹೆದರಬೇಡ, ಅರ್ಜಿ ಕೊಟ್ಟರೆ ಕೊಡಲಿ, ನಿನ್ನ ಪರವಾಗಿ ನಾನು ಮಾತಾಡುತ್ತೇನೆ ಎಂದೆ.

ಅವಳು ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ, ಮಗುಚಿ ಹಾಕಿ, ನನ್ನ ಕಡೆ ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಬ್ಯಾಡ್ರಿ ಮೇಡಮ್ಮಾರ" ಎಂದಳು. "ಮಾಲಕರ ಮಾತಿಗೆ ನಾ ಈ ಮನಿ ತಗೊಂಡಿಲ್ಲ. ನಿಮ್ಮ ಮಾತಿಗೆ ತಗೊಂಡೇನಿ. ಇನ್ನ ನನ್ನ ಪರವಾಗಿ ಮಾತಾಡಬ್ಯಾಡ್ರಿ."

ರೊಟ್ಟಿ ಉಬ್ಬಿತು, ಅವಳು ಅದನ್ನು ತೆಗೆದು ಬುಟ್ಟಿಗೆ ಹಾಕಿ ಮುಂದಿನ ಮುದ್ದೆ ಹಿಟ್ಟು ನಾದತೊಡಗಿದಳು. ಬಡಿಯುವ ಸದ್ದು ಶುರುವಾದ ಮೇಲೆ ಇನ್ನು ನಮ್ಮಿಬ್ಬರ ನಡುವೆ ಮಾತಿಲ್ಲವೆಂದು ತಿಳಿದು ನಾನು ಎದ್ದು ಬಂದೆ.